ಹಂಚಿಯೂ ಸಿಂಡ್ರೆಲಾಳೂ ಅಕ್ಕತಂಗಿಯರೇ?

ಪ್ರಶ್ನೆ: ನಮ್ಮವ್ವ ಹೇಳುತ್ತಿದ್ದ ಹಂಚಿಯ ಕಥೆಯನ್ನು ಮೊಮ್ಮಗಳಿಗೆ ಹೇಳಿದೆ. “ಅಜ್ಜಿ, ಇದು ಸಿಂಡ್ರೆಲಾ ಕಥಿ, ನೀ ಕಾಪಿ ಹೊಡದಿ” ಅಂದಳು! ಯಾರು ಯಾರದನ್ನು ಕದ್ದದ್ದು? ಅಣ್ಣನೇ ತಂಗಿಯನ್ನು ಮದುವೆಯಾಗುತ್ತೇನೆ ಎನ್ನುವ ಭಾಗವನ್ನು ಆರು ವರ್ಷದ ಮಗುವಿಗೆ ಹೇಳಬಹುದೇ?
– ಒಬ್ಬ ಅಜ್ಜಿ, ಧಾರವಾಡ

ಉತ್ತರ: ಮೊಮ್ಮಗಳು ಜೋರಾಗಿದ್ದಾಳೆ! ಆದರೂ ಕಳ್ಳತನದ ಆರೋಪ ನಿಲ್ಲುವುದಿಲ್ಲ.

ಗಾಜಿನ ಚಪ್ಪಲಿ, ಕುಂಬಳಕಾಯಿ ಸಾರೋಟಿನ ಸಿಂಡ್ರೆಲಾಳನ್ನು ಫ್ರಾನ್ಸಿನ ಶಾರ್ಲ್ ಪೆರೋ ಅಚ್ಚು ಹಾಕಿಸಿದ್ದು 1697ರಲ್ಲಿ. ಅದಕ್ಕೂ ಎಂಟುನೂರು ವರ್ಷ ಮೊದಲೇ ಚೀನಾದ ದುವಾನ್ ಚೆಂಗ್‌ಷಿ, ಯೆ ಷಿಯನ್ ಎಂಬ ಹುಡುಗಿಯ ಕಥೆ ಬರೆದಿಟ್ಟಿದ್ದ. ಅವನಿಗೆ ಅದನ್ನು ಹೇಳಿದ್ದು ದಕ್ಷಿಣದ ಕಡೆಯಿಂದ ಬಂದಿದ್ದ ಮನೆಯಾಳು. ಯೆ ಷಿಯನ್ ಸಾಕಿದ ಮೀನನ್ನು ಮಲತಾಯಿ ಕೊಂದು ತಿನ್ನುತ್ತಾಳೆ. ಹುಡುಗಿ ಮೂಳೆ ಬಚ್ಚಿಟ್ಟು ಬೇಡಿಕೊಂಡರೆ ಬಟ್ಟೆ, ಒಡವೆ ಸಿಗುತ್ತವೆ. ಹಬ್ಬದಿಂದ ಓಡಿ ಬರುವಾಗ ಚಿನ್ನದ ಪಾದರಕ್ಷೆ ಕಳಚಿ ಬಿದ್ದು, ಕೊನೆಗೆ ಒಬ್ಬ ರಾಜನ ಕೈಸೇರುತ್ತದೆ. ಎರಡು ಸಾವಿರ ವರ್ಷದ ಹಿಂದಿನ ಗ್ರೀಕ್ ಲೇಖಕ ಸ್ಟ್ರೇಬೊ ಈಜಿಪ್ಟಿನ ಕಥೆ ಹೇಳುತ್ತಾನೆ: ಸ್ನಾನಕ್ಕಿಳಿದವಳ ಚಪ್ಪಲಿಯನ್ನು ಹದ್ದು ಎತ್ತಿಕೊಂಡು ಹೋಗಿ, ಮೆಂಫಿಸ್‌ನಲ್ಲಿ ನ್ಯಾಯ ಹೇಳುತ್ತ ಕೂತಿದ್ದ ರಾಜನ ಮಡಿಲಿಗೆ ಹಾಕಿತಂತೆ. ರಾಜ ಚಪ್ಪಲಿಗೇ ಮರುಳಾದ. (ನಮ್ಮಲ್ಲಾಗಿದ್ದರೆ ಮೊದಲು ರಾಜನಿಗೆ ಸ್ನಾನ ಮಾಡಿಸುತ್ತಿದ್ದರು.)

ಆದರೆ ನಿಮ್ಮ ಹಂಚಿ ಈ ಚಪ್ಪಲಿಯವರ ಸಾಲಿನವಳಲ್ಲ. ಎ.ಕೆ. ರಾಮಾನುಜನ್ ಕನ್ನಡ ನಾಡಿನಲ್ಲಿ ಕೇಳಿ ಇಂಗ್ಲಿಷಿಗೆ ತಂದ ಹಂಚಿಯ ಕಥೆಯನ್ನೇ ನೋಡಿ. ಹುಡುಗಿಗೆ ಚಿನ್ನದ ಕೂದಲು. ಅದನ್ನು ಕಂಡ ಅಣ್ಣನಿಗೆ ತಂಗಿಯ ಮೇಲೇ ಮನಸ್ಸು. ತಾಯಿ ಮಣ್ಣಿನ ಮುಖವಾಡ ಹಾಕಿಸಿ ಮಗಳನ್ನು ಮನೆ ಬಿಡಿಸುತ್ತಾಳೆ. ಅವಳು ಸಾಹುಕಾರನ ಮನೆಯಲ್ಲಿ ಅಡುಗೆಗೆ ಸೇರುತ್ತಾಳೆ. ಮುಖವಾಡ ತೆಗೆದಾಗ ಸಾಹುಕಾರನ ಕಿರಿಮಗ ನೋಡಿಬಿಡುತ್ತಾನೆ.

ಈಗ ಜರ್ಮನಿಯ ಗ್ರಿಮ್ ಸೋದರರು 1812ರಲ್ಲಿ ಪ್ರಕಟಿಸಿದ ಒಂದು ಕಥೆ ಕೇಳಿ. ಅಲ್ಲಿಯೂ ಚಿನ್ನದ ಕೂದಲಿನ ಹುಡುಗಿ. ಅವಳನ್ನು ಮದುವೆಯಾಗಲು ಹೊರಟವನು ಹೆತ್ತ ತಂದೆ, ರಾಜ. ಬಗೆಬಗೆಯ ಪ್ರಾಣಿಗಳ ತುಪ್ಪಳ ಸೇರಿಸಿ ಹೊಲಿದ ನಿಲುವಂಗಿ ತೊಟ್ಟು, ಮುಖಕ್ಕೆ ಮಸಿ ಬಳಿದುಕೊಂಡು ಓಡಿಹೋಗಿ ಬೇರೆ ಅರಮನೆಯ ಅಡುಗೆಮನೆ ಸೇರುತ್ತಾಳೆ. ಸೂಪಿನಲ್ಲಿ ಉಂಗುರ ಹಾಕಿಟ್ಟು ಅಲ್ಲಿಯ ರಾಜನ ಗಮನ ಸೆಳೆಯುತ್ತಾಳೆ. ಪೆರೋನದೇ ಇನ್ನೊಂದು ಕಥೆಯಲ್ಲಿ ಹುಡುಗಿ ಕತ್ತೆಯ ಚರ್ಮ ಹೊದ್ದು ಓಡುತ್ತಾಳೆ. ಅಲ್ಲಿ ಉಂಗುರ ಇರುವುದು ಕೇಕಿನೊಳಗೆ. ಜಾನಪದ ವಿದ್ವಾಂಸರು ಈ ಗುಂಪಿಗೆ 510ಬಿ ಎಂದು ನಂಬರ್ ಕೊಟ್ಟಿದ್ದಾರೆ. ಮೊಮ್ಮಗಳ ಸಿಂಡ್ರೆಲಾ 510ಎ. ಹಾಗಾಗಿ ಅಕ್ಕತಂಗಿ ಅನ್ನುವುದಕ್ಕಿಂತ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಅನ್ನಬಹುದು.

ಚಿನ್ನದ ಕೂದಲು, ಮರೆಸುವ ಹೊದಿಕೆ, ಅಡುಗೆ ಕೆಲಸ. ಮೂರೂ ಸೇರಿ ಎರಡು ಕಡೆ ಸುಮ್ನೆ ಹುಟ್ಟಿಕೊಂಡವು ಎಂದು ನನಗಂತೂ ಅನ್ನಿಸುವುದಿಲ್ಲ. ಕಥೆ ಓಡಾಡಿದೆ. ಯಾವ ದಿಕ್ಕಿಗೆ ಅಂತ ಕೇಳಬೇಡಿ. ಮೊದಲು ಬರೆದಿಟ್ಟವನೇ ಮೊದಲು ಹೇಳಿದವನು ಅಂತೇನಿಲ್ಲ, ಅಲ್ವಾ? 1893ರಲ್ಲೇ ಮೇರಿಯನ್ ಕಾಕ್ಸ್ ಎಂಬ ಇಂಗ್ಲಿಷ್ ಹೆಂಗಸು ಈ ಬಳಗದ 345 ಕಥೆಗಳನ್ನು ಒಟ್ಟುಮಾಡಿದ್ದರು. ಅಷ್ಟರಲ್ಲಿ ಯಾರನ್ನು ಕಳ್ಳರೆನ್ನುವುದು?

ಇನ್ನು ಅಣ್ಣನ ಭಾಗ. ಆರು ವರ್ಷಕ್ಕೆ ಬೇಡ. “ಒಬ್ಬ ಕೆಟ್ಟವನು ಬಲವಂತವಾಗಿ ಮದುವೆ ಆಗ್ತೀನಿ ಅಂದ” ಎಂದರೆ ಸಾಕು, ಕಥೆಗೆ ಏನೂ ಕೊರತೆಯಾಗುವುದಿಲ್ಲ. ಹನ್ನೆರಡು ಹದಿಮೂರಾದಾಗ ಮಾತ್ರ ಪೂರ್ತಿ ಹೇಳಿ. ಮನೆಯವರಿಂದಲೇ ತೊಂದರೆ ಬರಬಹುದು, ಹಾಗಾದರೆ ತಾಯಿಗೆ ಹೇಳಬಹುದು, ಎನ್ನುವುದು ಈ ಕಥೆಯಲ್ಲೇ ಇದೆ. ಚಪ್ಪಲಿ ಎಲ್ಲಿ ಅಂತ ಈಗ ಕೇಳಿದರೆ, ಹಂಚಿ ಬಾಗಿಲಲ್ಲೇ ಬಿಟ್ಟು ಅಡುಗೆಮನೆಗೆ ಹೋದಳು ಅನ್ನಿ.