ಹೋಮಾದಲ್ಲಿ ಬೋಟ್ ಕೊಳ್ಳುವ ಮುಂಚೆ

ತಮ್ಮಾ, ಲೂಯಿಸಿಯಾನಾದ ಹೋಮಾಗೆ ಬಂದು ಎರಡು ತಿಂಗಳಾಯ್ತು, ಶನಿವಾರ ಬಂತೆಂದರೆ ನಾನು ಕೆಲಸ ಮಾಡುವ ಯಾರ್ಡಿನವರೆಲ್ಲ ಬೋಟ್ ಎಳೆದುಕೊಂಡು ದಕ್ಷಿಣಕ್ಕೆ ಹೊರಡುತ್ತಾರೆ, ನಾನೂ ಒಂದು ಸೆಕೆಂಡ್‌ಹ್ಯಾಂಡ್ ಬೋಟ್ ತೆಗೆದುಕೊಳ್ಳಲೇ ಅಕ್ಕಾ ಎಂದು ಕೇಳಿದ್ದೀಯ. ನಾನು ಗಂಗೊಳ್ಳಿಯವನು, ದೋಣಿ ಗೊತ್ತು, ಅಳಿವೆ ಗೊತ್ತು ಎಂದೂ ಸೇರಿಸಿದ್ದೀಯ. ಈ ವರ್ಷ ಬೋಟ್ ಬೇಡ ಅಂತಲೇ ಹೇಳುತ್ತೇನೆ. ಗಂಗೊಳ್ಳಿಯ ಅನುಭವ ಖಂಡಿತ ಕೈಹಿಡಿಯುತ್ತದೆ, ಆದರೆ ಒಂದು ವಿಷಯದಲ್ಲಿ ಅದೇ ನಿನ್ನನ್ನು ಕೆಸರಿನ ಮೇಲೆ ಕೂರಿಸುತ್ತದೆ.

ಊರಿನಲ್ಲಿ ನೀರು ಗಡಿಯಾರ ನೋಡಿಕೊಂಡು ಬರುತ್ತದೆ, ಹೋಗುತ್ತದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ದೋಣಿ ತಳ ಹಿಡಿಯಿತೆಂದರೆ ಕೆಲವು ಗಂಟೆ ಹರಟೆ ಹೊಡೆದರೆ ಸಾಕು, ನೀರೇ ಎತ್ತಿ ಕೊಡುತ್ತದೆ. ಇಲ್ಲಿ ಬಹುತೇಕ ದಿನ ಒಂದೇ ಉಬ್ಬರ, ಒಂದೇ ಇಳಿತ. ಅದೂ ಸುಮಾರು ಒಂದಡಿ, ಕೆಲವು ದಿನ ಅಷ್ಟೂ ಇಲ್ಲ. ಇಷ್ಟು ಸಣ್ಣ ಏರಿಳಿತವನ್ನು ಗಾಳಿ ಸುಲಭವಾಗಿ ಅಳಿಸಿಹಾಕುತ್ತದೆ. ಆಗ್ನೇಯದ ಗಾಳಿ ಎರಡು ದಿನ ಬೀಸಿದರೆ ಗಲ್ಫಿನ, ಅಂದರೆ ಮೆಕ್ಸಿಕೊ ಕೊಲ್ಲಿಯ, ನೀರು ಒಳಗೆ ನುಗ್ಗಿ, ಹುಲ್ಲಿನ ಬುಡವೆಲ್ಲ ಮುಳುಗುತ್ತದೆ. ಅಕ್ಟೋಬರಿನಿಂದ ಚಳಿಗಾಲ ಮುಗಿಯುವವರೆಗೆ ಒಂದರ ಹಿಂದೊಂದು ಕೋಲ್ಡ್ ಫ್ರಂಟ್, ಅಂದರೆ ಉತ್ತರದ ತಣ್ಣನೆ ಗಾಳಿಯ ಮುಂಚೂಣಿ, ಬರುತ್ತದೆ. ಫ್ರಂಟ್ ದಾಟಿ ಗಾಳಿ ಉತ್ತರಕ್ಕೆ ತಿರುಗಿತೋ, ಜವುಗಿನ ನೀರನ್ನೆಲ್ಲ ಸಮುದ್ರಕ್ಕೆ ಗುಡಿಸಿಬಿಡುತ್ತದೆ. ಬೆಳಗ್ಗೆ ಆರಾಮಾಗಿ ದಾಟಿದ ಕೊಳ ಮಧ್ಯಾಹ್ನ ಬರೀ ಕೆಸರು. ಉಬ್ಬರ-ಇಳಿತದ ಹೊತ್ತು ತೋರಿಸುವ ಟೈಡ್ ಟೇಬಲ್ ನೀರು ಏರುತ್ತಿದೆ ಎನ್ನುತ್ತಿರುತ್ತದೆ, ಕಣ್ಣೆದುರು ಇಳಿಯುತ್ತಿರುತ್ತದೆ. ಆ ಗಾಳಿ ನಿಲ್ಲುವ ತನಕ ನೀರು ವಾಪಸು ಬರುವುದಿಲ್ಲ, ರಾತ್ರಿ ಅಲ್ಲೇ ಕಳೆಯಬೇಕಾದೀತು. ಹಾಗಾಗಿ ಹೊರಡುವ ಮುಂಚೆ ನೋಡಬೇಕಾದ್ದು ಮೊದಲು ಗಾಳಿಯ ದಿಕ್ಕು, ಆಮೇಲೆ ಟೈಡ್.

ಇದನ್ನು ಓದಿ ತಿಳಿಯಬಹುದು, ಮೈಗೆ ಹತ್ತಬೇಕಾದರೆ ಒಂದು ವರ್ಷ ಬೇಕು. ಬೇಸಿಗೆಯ ನೀರೇ ಬೇರೆ, ಜನವರಿಯದೇ ಬೇರೆ. ಅಷ್ಟು ದಿನ ಬೇರೆಯವರ ಬೋಟಿನಲ್ಲಿ ಕೂರು ಎನ್ನುವುದು ಅದಕ್ಕೇ.

ಫೋನಿನಲ್ಲಿ ಮ್ಯಾಪ್ ಇದೆಯಲ್ಲ ಎಂದೂ ಕೇಳಿದ್ದೀಯ. ಇದೆ, ನಾನೂ ಬಳಸುತ್ತೇನೆ. ಆದರೆ ನೀನು ಬಂದಿಳಿದಿರುವ ಟೆರೆಬೋನ್ ಪ್ಯಾರಿಶ್ (ನಮ್ಮ ಜಿಲ್ಲೆಯ ಹಾಗೆ) ಕರಗುತ್ತಿರುವ ನೆಲ. 1930ರ ದಶಕದಿಂದ ಈಚೆಗೆ ಲೂಯಿಸಿಯಾನಾದ ಕರಾವಳಿ ಸುಮಾರು 2,000 ಚದರ ಮೈಲಿ ನೆಲ ಕಳೆದುಕೊಂಡಿದೆ, ಅದರಲ್ಲಿ ದೊಡ್ಡ ಪಾಲು ನಮ್ಮ ಟೆರೆಬೋನ್ ಮತ್ತು ಪಕ್ಕದ ಬರಟೇರಿಯಾ ಕಡೆಯದು. ಮಿಸಿಸಿಪಿಗೆ ಎರಡೂ ಬದಿ ಏರಿ ಕಟ್ಟಿದ್ದರಿಂದ ಪ್ರವಾಹದ ಮಣ್ಣು ಜವುಗಿಗೆ ಬರುವುದು ನಿಂತಿತು. ಎಣ್ಣೆ, ಗ್ಯಾಸ್ ಕಂಪನಿಗಳು ಕೊರೆದ ಕಾಲುವೆಗಳಲ್ಲಿ ಉಪ್ಪುನೀರು ಒಳನುಗ್ಗಿ ಹುಲ್ಲು ಸತ್ತಿತು. ನೆಲ ತಾನಾಗಿ ಕುಸಿಯುತ್ತಲೂ ಇದೆ. ಇವೆಲ್ಲದರ ಮೇಲೆ 2021ರ ಆಗಸ್ಟ್ 29ರಂದು ಐಡಾ ಚಂಡಮಾರುತ ಪೋರ್ಟ್ ಫೋರ್ಶೋನ್ ಹತ್ತಿರ ದಡ ಹತ್ತಿತು. ಮ್ಯಾಪಿನಲ್ಲಿ ಹಸಿರು ದಿಬ್ಬ ಕಂಡಲ್ಲಿ ಇವತ್ತು ಬಯಲು ನೀರಿರಬಹುದು. ಆ ಬಯಲು ನೀರಿನಡಿ ಮುಳುಗಿದ ಕಾಲುವೆ ಏರಿ, ಹಳೆಯ ಮರದ ಕಂಬ, ಬಿಟ್ಟುಹೋದ ಎಣ್ಣೆಬಾವಿಯ ಪೈಪು ಇರಬಹುದು. ಉಪಗ್ರಹ ಚಿತ್ರ ತೆಗೆದ ದಿನ ಯಾವುದು ಎಂದು ನೋಡುವ ಅಭ್ಯಾಸ ಮಾಡಿಕೋ. ಗೊತ್ತಿದ್ದವರ ಜೊತೆ ಹೋದಾಗ ಹಾದಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೋ. ಅದಕ್ಕೂ ಮೊದಲು ಅವರನ್ನು ಕೇಳು. ಮೀನಿನ ಜಾಗ ಇಲ್ಲಿ ಆಸ್ತಿ ಇದ್ದ ಹಾಗೆ, ಯಾರೂ ಸುಮ್ಮನೆ ಹಂಚುವುದಿಲ್ಲ.

ದೊಡ್ಡ ಚಾನೆಲ್‌ಗಳಲ್ಲಿ ಗುರುತುಗಳಿವೆ: ಸಮುದ್ರದಿಂದ ಒಳಗೆ ಬರುವಾಗ ಕೆಂಪು ಬಲಕ್ಕೆ, ಹಸಿರು ಎಡಕ್ಕೆ. ಇದು ಹೋಮಾ ನ್ಯಾವಿಗೇಶನ್ ಕೆನಾಲ್‌ನಲ್ಲಿ ನಡೆಯುತ್ತದೆ. ಸಣ್ಣ ಬಯೂಗಳಲ್ಲಿ, ಅಂದರೆ ಜವುಗಿನ ನಿಧಾನ ತೊರೆಗಳಲ್ಲಿ, ಕಾಣುವ ಬಿಳಿ ಪಿವಿಸಿ ಪೈಪುಗಳಿಗೆ ಮಾತ್ರ ಯಾವ ನಿಯಮವೂ ಇಲ್ಲ. ಕೆಲವು ಆಯ್ಸ್ಟರ್ ಲೀಸಿನ (ಸಿಂಪಿ ಬೆಳೆಸಲು ಗುತ್ತಿಗೆ ಪಡೆದ ಜಾಗದ) ಗಡಿ, ಕೆಲವು ಪೈಪ್‌ಲೈನ್ ಸೂಚನೆ, ಕೆಲವು ಯಾರೋ ತಮ್ಮ ಅನುಕೂಲಕ್ಕೆ ನೆಟ್ಟದ್ದು. ಅದರ ಎಡಕ್ಕೆ ಹೋಗಬೇಕೋ ಬಲಕ್ಕೋ ನೆಟ್ಟವನಿಗೇ ಗೊತ್ತು. ಅಲ್ಲಿ ನಿನ್ನ ಗಂಗೊಳ್ಳಿ ಕಣ್ಣು ಉಪಯೋಗಕ್ಕೆ ಬರುತ್ತದೆ: ತಿರುವಿನ ಹೊರಬದಿ ಆಳ, ಒಳಬದಿ ತೆಳು. ಕೊಕ್ಕರೆ ನಿಂತಿದೆ ಎಂದರೆ ಅಲ್ಲಿ ಬೋಟ್ ನಿಲ್ಲುವಷ್ಟು ನೀರಿಲ್ಲ. ಸುತ್ತ ಅಲೆ ಇದ್ದು ಒಂದು ಪಟ್ಟಿ ಮಾತ್ರ ಬೇರೆ ಥರ ನಡುಗುತ್ತಿದ್ದರೆ ಕೆಳಗೆ ಚಿಪ್ಪಿನ ದಿಬ್ಬ ಇದ್ದೀತು. ಏಡಿ ಬೋನಿನ ತೇಲುಗುಂಡುಗಳಿಂದ ದೂರ ಇರು. ಹಗ್ಗ ಪ್ರೊಪೆಲರಿಗೆ ಸುತ್ತಿದರೆ ನಿನಗೂ ಕಷ್ಟ, ಅದನ್ನೇ ನಂಬಿ ಬದುಕುವ ಬೋನಿನವನಿಗೂ ಹೊಟ್ಟೆಪಾಡು ಹೋಯಿತು.

ಇನ್ನೊಂದು ಮೋಸವಿದೆ. ಬೋಟ್ ವೇಗ ಹಿಡಿದು ಪ್ಲೇನ್ ಆದಾಗ ನೀರಿನ ಮೇಲೆ ಎದ್ದು ಓಡುತ್ತದೆ, ತುಂಬ ತೆಳು ನೀರೂ ಸಾಕಾಗುತ್ತದೆ. ವೇಗ ಇಳಿಸಿದ ಕ್ಷಣ ಹಿಂಭಾಗ ಕೆಳಗೆ ಕೂರುತ್ತದೆ, ಅಷ್ಟು ನೀರು ಅಲ್ಲಿರುವುದಿಲ್ಲ. ಹಾಗಾಗಿ ಓಡುತ್ತಾ ಹೋಗಲು ಆಗುವ ಜಾಗದಲ್ಲಿ ನಿಂತು ಮತ್ತೆ ಹೊರಡಲು ಆಗುವುದಿಲ್ಲ. ಹೊಸಬರು ಸಿಕ್ಕಿಬೀಳುವುದು ಹೆಚ್ಚಾಗಿ ಹೀಗೇ. ಸಿಕ್ಕಿಕೊಂಡರೆ ಇಂಜಿನ್ ಆರಿಸಿ ಮೇಲೆತ್ತು. ರಿವರ್ಸ್ ಹಾಕಿ ಕೆಸರು ಕಲಕಿದರೆ ಕೂಲಿಂಗ್ ನೀರಿನ ದಾರಿಗೆ ಮಣ್ಣು ಹೋಗಿ ಪಂಪ್ ಹಾಳಾಗುತ್ತದೆ. ಜನ, ಐಸ್ ಪೆಟ್ಟಿಗೆ ಎಲ್ಲ ಒಂದು ಕಡೆಗೆ ಸರಿಸಿ, ಉದ್ದದ ಗಳದಿಂದ ಬಂದ ದಾರಿಗೇ ತಳ್ಳು. ಇಳಿದು ನೂಕುತ್ತೇನೆ ಅನ್ನಬೇಡ. ಇಲ್ಲಿಯ ಕೆಸರು ನಮ್ಮ ಕಾಂಡ್ಲಾ ಗಿಡಗಳ ಬುಡದ ಕೆಸರಿಗಿಂತ ಮೆತ್ತಗೆ, ತೊಡೆ ತನಕ ಹೋಗುತ್ತದೆ, ಚಿಪ್ಪು ಕಾಲನ್ನು ಸೀಳುತ್ತದೆ. ಬೇಸಿಗೆಯ ಬೆಚ್ಚನೆ ಉಪ್ಪುನೀರಿನಲ್ಲಿ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಇರುತ್ತದೆ, ಗಾಯಕ್ಕೆ ಸೇರಿದರೆ ಜೀವಕ್ಕೇ ಅಪಾಯ. ಸಕ್ಕರೆ ಕಾಯಿಲೆ, ಲಿವರ್ ತೊಂದರೆ ಇದ್ದವರಿಗೆ ಇನ್ನೂ ಹೆಚ್ಚು. ಗಾಯವಾದ ಮೇಲೆ ಊದಿ ಕೆಂಪಾದರೆ ನಾಳೆ ನೋಡೋಣ ಅನ್ನದೆ ಆಸ್ಪತ್ರೆಗೆ ಹೋಗು.

ಹಾಗೇ ಎಲ್ಲಾ ನೀರೂ ಎಲ್ಲರದ್ದಲ್ಲ. ಉಪ್ಪುನೀರು ಬಂದು ಹೋಗುವ ಜವುಗಿನ ತಳವೂ ಲೂಯಿಸಿಯಾನಾದಲ್ಲಿ ಖಾಸಗಿ ಆಸ್ತಿಯಾಗಿರಬಹುದು, ಕಾಲುವೆಗೆ ಗೇಟು ಹಾಕಿ ‘ಪೋಸ್ಟೆಡ್’ (ಒಳಗೆ ಬರಬೇಡಿ) ಎಂದು ಬೋರ್ಡು ತೂಗಿಸಿರುತ್ತಾರೆ. ಇದರ ಬಗ್ಗೆ ಇಲ್ಲಿನ ಮೀನುಗಾರರಿಗೂ ಸಿಟ್ಟಿದೆ, ವರ್ಷಗಟ್ಟಲೆ ಜಗಳವಿದೆ. ವೀಸಾದಲ್ಲಿರುವ ನೀನು ಆ ಜಗಳಕ್ಕೆ ಸೇರಬೇಕಾಗಿಲ್ಲ. ಬೋರ್ಡು ಕಂಡರೆ ತಿರುಗಿಸಿಕೊಂಡು ಬಾ.

ಲೈಸೆನ್ಸ್ ವಿಷಯ: ಬೇಸಿಕ್ ಫಿಶಿಂಗ್ ಒಂದು, ಅದರ ಮೇಲೆ ಸಾಲ್ಟ್‌ವಾಟರ್ ಇನ್ನೊಂದು, ಎರಡೂ ಬೇಕು. ಇಲ್ಲಿ ಆರು ತಿಂಗಳು ನೆಲೆಸಿದ ಮೇಲೆ ರೆಸಿಡೆಂಟ್ ದರ ಸಿಗುತ್ತದೆ, 17 ಮತ್ತು 15 ಡಾಲರ್. ಅಲ್ಲಿಯವರೆಗೆ ಅದರ ಹಲವು ಪಟ್ಟು. 1984ರ ಜನವರಿ 1ರ ನಂತರ ಹುಟ್ಟಿದವರು ಹತ್ತು ಹಾರ್ಸ್‌ಪವರ್ ಮೀರಿದ ಬೋಟ್ ಓಡಿಸಲು ಬೋಟಿಂಗ್ ಕೋರ್ಸ್ ಮುಗಿಸಿರಬೇಕು. ಅದನ್ನು ಈಗಲೇ ಮಾಡು, ಬೋಟ್ ಇಲ್ಲದಿದ್ದರೂ. ಇಂಜಿನ್ ಆರಿಸುವ ಕಟ್‌ಆಫ್ ದಾರವನ್ನು ಮೈಗೆ ಸಿಕ್ಕಿಸಿಕೊಂಡೇ ಓಡಿಸಬೇಕು ಎಂಬುದು 26 ಅಡಿಗಿಂತ ಚಿಕ್ಕ ಬೋಟುಗಳಿಗೆ 2021ರ ಏಪ್ರಿಲಿನಿಂದ ಫೆಡರಲ್ ಕಾನೂನು. ಎಷ್ಟೋ ಜನ ಸಿಕ್ಕಿಸುವುದಿಲ್ಲ, ಅವರನ್ನು ನೋಡಿ ಕಲಿಯಬೇಡ.

ಮೀನು ಸಿಗುವುದರ ಬಗ್ಗೆ ನಿನಗೆ ಹೇಳಿಕೊಡಬೇಕಾದ್ದು ಕಡಿಮೆ. ನೀರು ಇಳಿಯುವಾಗ ಹುಲ್ಲಿನೊಳಗಿಂದ ಸಿಗಡಿ, ಏಡಿಮರಿ ಸಣ್ಣ ತೋಡುಗಳಲ್ಲಿ ಹೊರಬರುತ್ತವೆ, ತೋಡಿನ ಬಾಯಲ್ಲಿ ರೆಡ್‌ಫಿಶ್ ಕಾಯುತ್ತಿರುತ್ತದೆ. ಎಳೆದಾಗ ಸದ್ದು ಮಾಡುವ ಪಾಪಿಂಗ್ ಕಾರ್ಕ್ ಎಂಬ ತೇಲುಬೆಂಡಿನ ಕೆಳಗೆ ಜೀವಂತ ಸಿಗಡಿ ಕಟ್ಟಿ ಬಿಟ್ಟರೆ ಸಾಕು. ಅಳತೆಪಟ್ಟಿ ಮಾತ್ರ ಕೈಯಲ್ಲೇ ಇರಲಿ. 2024ರ ಜೂನಿನಿಂದ ರೆಡ್‌ಫಿಶ್ 18ರಿಂದ 27 ಇಂಚಿನೊಳಗಿನದು, ದಿನಕ್ಕೆ ತಲಾ ನಾಲ್ಕು. 27 ದಾಟಿದ್ದನ್ನು ಬಿಟ್ಟುಬಿಡಬೇಕು. ಸ್ಪೆಕಲ್ಡ್ ಟ್ರೌಟ್ 13ರಿಂದ 20 ಇಂಚು, ದಿನಕ್ಕೆ ಹದಿನೈದು, ಅದರಲ್ಲಿ ಎರಡು 20 ಮೀರಬಹುದು. ಫ್ಲೌಂಡರ್ ಅಕ್ಟೋಬರ್ 15ರಿಂದ ನವೆಂಬರ್ 30ರವರೆಗೆ ಹಿಡಿಯುವಂತಿಲ್ಲ. ಬೋಟಿನಲ್ಲೇ ತುಂಡು ಮಾಡಿ ಡಬ್ಬಿಗೆ ತುಂಬುವ ಯೋಚನೆ ಬೇಡ, ದಡ ಸೇರುವ ತನಕ ತಲೆ, ಬಾಲ ಇರಲೇಬೇಕು. ನಿಯಮ ಬದಲಾಗುತ್ತಿರುತ್ತದೆ, ಪ್ರತಿ ಸಲ ರಾಜ್ಯದ ವನ್ಯಜೀವಿ-ಮೀನುಗಾರಿಕೆ ಇಲಾಖೆಯ ವೆಬ್ ಪುಟ ನೋಡಿಕೊಂಡೇ ಹೊರಡು.

ಇನ್ನು ಬೇರೆಯವರ ಬೋಟಿಗೆ ಹೇಗೆ ಹತ್ತುವುದು ಎಂದು ಸಂಕೋಚ ಪಡಬೇಡ. ಇಲ್ಲಿಯವರು ಕೆಲಸಕ್ಕೆ ಸೇರಿದ ಎರಡನೇ ಸೋಮವಾರಕ್ಕೇ ಕರೆಯುತ್ತಾರೆ. ಪೆಟ್ರೋಲಿನ ಪಾಲು ಕೇಳುವ ಮುಂಚೆ ಕೊಡು, ಐಸ್ ನೀನೇ ತೆಗೆದುಕೊಂಡು ಹೋಗು. ವಾಪಸು ಬಂದ ಮೇಲೆ ಬೋಟ್ ತೊಳೆಯಲು, ಇಂಜಿನಿಗೆ ಸಿಹಿನೀರು ಬಿಡಲು ನಿಲ್ಲು. ಕೆಲಸವಾದ ತಕ್ಷಣ ಕಾರು ಹತ್ತಿ ಹೋದವನನ್ನು ಎರಡನೇ ಸಲ ಕರೆಯುವುದಿಲ್ಲ. ಹಿಡಿದ ಮೀನಿನ ಫೋಟೋ ಹಾಕು, ಹಿಂದಿನ ದಡ ಕಾಣದ ಹಾಗೆ.

ಒಬ್ಬನೇ ನೀರಿಗಿಳಿಯುವ ಆಸೆ ತಡೆಯದಿದ್ದರೆ ಕಯಾಕ್ ತೆಗೆದುಕೋ. ಮೋಟಾರಿಲ್ಲದ್ದಕ್ಕೆ ರಿಜಿಸ್ಟ್ರೇಶನ್ ಬೇಡ. ಪಾತಿ ದೋಣಿ ಹುಟ್ಟು ಹಾಕಿದವನಿಗೆ ಒಂದು ದಿನದಲ್ಲಿ ಕೈ ಕೂಡುತ್ತದೆ. ಕೊಕೊಡ್ರಿಯ ಕಡೆ ರಸ್ತೆಬದಿಯಲ್ಲೇ ಇಳಿಸುವ ಜಾಗಗಳಿವೆ. ಲೈಫ್ ಜಾಕೆಟ್ ಮೈಮೇಲಿರಲಿ, ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸು ಎಂದು ಒಬ್ಬರಿಗೆ ಮೆಸೇಜ್ ಹಾಕಿಯೇ ಹೊರಡು, ದಕ್ಷಿಣಕ್ಕೆ ಹೋದಂತೆ ಫೋನ್ ಸಿಗ್ನಲ್ ನಂಬುವಂತಿಲ್ಲ. ಜೂನ್, ಜುಲೈಯಲ್ಲಿ ಮಧ್ಯಾಹ್ನದೊಳಗೆ ದಡದಲ್ಲಿರು. ಗುಡುಗು ಕೇಳಿಸಿತೆಂದರೆ ಆ ಬಯಲಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನಿನ್ನ ಗಾಳದ ಕೋಲೇ.