ಒಪಿಡಿ ಗಡಿಬಿಡಿಯಲ್ಲಿ ಎಡವುವ ಇಂಟರ್ನ್‌ಗೆ ಕಲಿಸುವುದು ಹೇಗೆ?

ಪ್ರಶ್ನೆ: ನಾನು ಮೆಡಿಸಿನ್ ವಿಭಾಗದಲ್ಲಿ ಕಲಿಸುವ ವೈದ್ಯೆ. ನಮ್ಮ ಯೂನಿಟ್‌ನ ಒಬ್ಬ ಇಂಟರ್ನ್ ಕೇಸ್ ಹೇಳಲು ಶುರು ಮಾಡಿದರೆ ಮುಗಿಸುವುದೇ ಇಲ್ಲ. ಡಯಾಗ್ನೊಸಿಸ್ ಏನಪ್ಪಾ ಅಂದರೆ ತಲೆ ತಗ್ಗಿಸುತ್ತಾನೆ. ಹೊರಗೆ ರೋಗಿಗಳ ಸಾಲು. ಅವನಿಗೆಂದೇ ಸಮಯ ಎಲ್ಲಿಂದ ತರಲಿ?

ಉತ್ತರ: ಬೇರೆ ಸಮಯ ಬೇಕಿಲ್ಲ ಮೇಡಂ. ಅವನು ಎಲ್ಲಿ ಎಡವುತ್ತಿದ್ದಾನೆ ಅಂತ ಮೊದಲು ಗೊತ್ತಾಗಬೇಕು. ಇಲ್ಲದಿದ್ದರೆ ಎಷ್ಟು ಪಾಠ ಮಾಡಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ‘ಓದು ಸಾಲದು’ ಅನ್ನುವುದು ಸುಲಭ. ನೀವು ಹೇಳಿದ್ದು ನೋಡಿದರೆ ಅವನು ಎಲ್ಲವನ್ನೂ ಕೇಳಿಕೊಂಡು ಬರುತ್ತಾನೆ, ಯಾವುದು ಮುಖ್ಯ ಅಂತ ಆರಿಸಲು ಬರುತ್ತಿಲ್ಲ.

ಹಾಗಾಗಿ ಕೇಸನ್ನು ಒಂದೇ ವಾಕ್ಯದಲ್ಲಿ ಹೇಳಿಸಿ. ‘60 ವರ್ಷದ ಗಂಡಸು, ಮೂರು ವಾರದಿಂದ ಏದುಸಿರು, ಎರಡೂ ಕಾಲು ಊದಿವೆ.’ ಅಷ್ಟೇ. ಆಮೇಲೆ ‘ನಿನಗೇನನ್ನಿಸುತ್ತೆ?’ ಅಂತ ಕೇಳಿ, ಸುಮ್ಮನಿರಿ. ಈ ಸುಮ್ಮನಿರುವುದೇ ನಮಗೆ ಕಷ್ಟ, ಅಲ್ವಾ! ‘ಹಾರ್ಟ್ ಫೇಲ್ಯೂರ್’ ಅಂದರೆ ‘ಯಾಕೆ?’ ಅನ್ನಿ. ‘ಕಾಲು ಊದಿದೆ’ ಅಂದನೇ? ಕಿಡ್ನಿ, ಲಿವರ್ ತೊಂದರೆಯಲ್ಲೂ ಊದುತ್ತದಲ್ಲ. ತೊಡಕು ಇಲ್ಲೇ ಇದೆ. ಆವತ್ತಿಗೆ ಒಂದೇ ಪಾಠ: ಮಲಗಿದರೆ ಉಸಿರು ಕಟ್ಟುತ್ತದೆಯೇ ಅಂತ ಕೇಳು, ಕುತ್ತಿಗೆಯ ಜೆವಿಪಿ (ಅಲ್ಲಿನ ರಕ್ತನಾಳದ ಒತ್ತಡ) ನೋಡು. ಹೃದಯ ವೈಫಲ್ಯದ ಔಷಧಿಗಳ ಪಟ್ಟಿ ಇನ್ನೊಂದು ದಿನಕ್ಕಿರಲಿ. ಸರಿ ಮಾಡಿದ್ದನ್ನೂ ತಪ್ಪಿದ್ದನ್ನೂ ಬಿಡಿಸಿ ಹೇಳಿ. ಬರೀ ‘ಗುಡ್’ ಅಂದರೆ ಅವನಿಗೆ ಏನೂ ಸಿಗುವುದಿಲ್ಲ.

1992ರಲ್ಲಿ ಬಂದ ‘ಒನ್ ಮಿನಿಟ್ ಪ್ರಿಸೆಪ್ಟರ್’ (ಒಂದು ನಿಮಿಷದ ಗುರು) ಎಂಬ ಕಲಿಸುವ ವಿಧಾನದ ತಿರುಳು ಇದೇ. ಹೆಸರಿಗೆ ಒಂದು ನಿಮಿಷ, ನಿಜವಾಗಿ ಸ್ವಲ್ಪ ಜಾಸ್ತಿಯೇ ಹಿಡಿಯುತ್ತದೆ.

ಒಂದು ವಾಕ್ಯವೂ ಸರಿಬರದಿದ್ದರೆ ಅವನು ರೋಗಿಯನ್ನು ನೋಡುವಾಗ ಎರಡು-ಮೂರು ನಿಮಿಷ ಪಕ್ಕದಲ್ಲಿ ನಿಂತು ನೋಡಿ. ಬಾಯಿ ಹಾಕಬೇಡಿ. ಎಷ್ಟೋ ಸಲ ತಪ್ಪು ಯೋಚನೆಯಲ್ಲಿರುವುದಿಲ್ಲ, ಹಿಸ್ಟರಿ (ಕಾಯಿಲೆಯ ಹಿನ್ನೆಲೆ) ಕೇಳುವ ರೀತಿಯಲ್ಲಿರುತ್ತದೆ. ಕೇಸ್ ಕೇಳಿಸಿಕೊಳ್ಳುವಾಗ ಅದು ಗೊತ್ತಾಗುವುದೇ ಇಲ್ಲ.

ಮೊದಲು ಚೆನ್ನಾಗಿದ್ದವನು ಈಚೆಗೆ ಹೀಗಾಗಿದ್ದರೆ ವಿಷಯ ಬೇರೆ. ನಿದ್ದೆ, ಮನೆಯ ತಾಪತ್ರಯ, ಖಿನ್ನತೆ, ಏನಾದರೂ ಇರಬಹುದು. ಎಲ್ಲರೆದುರು ಬೇಡ, ಒಬ್ಬನೇ ಇದ್ದಾಗ ಕೇಳಿ. ಚಿಕಿತ್ಸೆ ಬೇಕೆನಿಸಿದರೆ ಬೇರೆ ವೈದ್ಯರ ಬಳಿ ಕಳಿಸಿ. ಅವನಿಗೆ ಮಾರ್ಕ್ಸ್ ಹಾಕುವವರೇ ಅವನ ಡಾಕ್ಟರ್ ಆಗುವುದು ಸರಿಯಲ್ಲ.

ಹಾಂ, ಕಂಡದ್ದನ್ನು ತಾರೀಖು ಹಾಕಿ ಎರಡು ಸಾಲು ಬರೆದಿಡಿ. ‘ವೀಕ್’ ಅಂತಲ್ಲ, ‘ಜೆವಿಪಿ ನೋಡಿರಲಿಲ್ಲ’ ಅಂತ.