‘ಛಲೋ ಆತು’ ಅಂದರೆ ಸಾಕೇ?

ಪ್ರಶ್ನೆ: ಮದುವೆಯಾಗಿ ಆರು ವರ್ಷ. ಮನೆಯವರು ಸೀರೆ ಅಂಗಡಿ ನಡೆಸುತ್ತಾರೆ. ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾದ ಸುದ್ದಿ ಹೇಳಿದರೆ ‘ಛಲೋ ಆತು’ ಎಂದು ಮತ್ತೆ ಮೊಬೈಲ್ ನೋಡತೊಡಗಿದರು. ಜಗಳವಿಲ್ಲ, ಕುಡಿತವಿಲ್ಲ, ಆದರೂ ದೂರವಾಗುತ್ತಿದ್ದೇವೆ ಅನಿಸುತ್ತದೆ. ನನ್ನದು ಅತಿಯಾಸೆಯೇ?
– ಓದುಗರು, ಇಳಕಲ್ಲ

ಉತ್ತರ: ಖಂಡಿತ ಅಲ್ಲ. ಕಷ್ಟಕ್ಕೆ ಆದರೆ ಸಾಕು ಎಂದುಕೊಳ್ಳುವವರೇ ಹೆಚ್ಚು. ಆದರೆ ಖುಷಿಯ ಸುದ್ದಿಗೆ ಸಂಗಾತಿ ಹೇಗೆ ಸ್ಪಂದಿಸುತ್ತಾರೆ ಎಂಬುದೂ ಆಪ್ತತೆಯ ಅಳತೆಗೋಲು. ಅಮೆರಿಕದ ಮನೋವಿಜ್ಞಾನಿ ಶೆಲ್ಲಿ ಗೇಬಲ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಸ್ಪಂದನೆಯನ್ನು ನಾಲ್ಕು ಬಗೆಯಾಗಿ ನೋಡಿದರು. ನಿಮ್ಮ ಸುದ್ದಿಗೇ ಅನ್ವಯಿಸಿ ನೋಡಿ. ‘ಹೌದಾ! ಎಷ್ಟು ಅಂಕ ಬಂತು? ಅವ್ವಗ ಫೋನ್ ಮಾಡಿದೇನು?’ ಇದು ಒಂದು. ‘ಛಲೋ ಆತು’ ಎರಡನೆಯದು. ‘ದೂರದ ಊರಿಗೆ ಹಾಕಿದರ ಕೂಸಿನ್ನ ಯಾರು ನೋಡ್ಕೋತಾರ?’ ಮೂರನೆಯದು. ‘ಊಟಕ್ಕ ಹಾಕು’ ನಾಲ್ಕನೆಯದು. ಆಪ್ತತೆ, ತೃಪ್ತಿ ಹೆಚ್ಚಿದ್ದದ್ದು ಮೊದಲ ಬಗೆಯ ಸ್ಪಂದನೆ ಸಿಗುತ್ತಿದ್ದ ಜೋಡಿಗಳಲ್ಲಿ ಮಾತ್ರ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರೂ ತಣ್ಣಗಿನ ‘ಛಲೋ ಆತು’ ಆ ಕೆಲಸ ಮಾಡಲಿಲ್ಲ. ಸ್ಪಂದನೆಯಿಂದಲೇ ಆಪ್ತತೆ ಹೆಚ್ಚಿತು ಎಂದು ಇಂಥ ಅಧ್ಯಯನ ಸಾಧಿಸುವುದಿಲ್ಲ, ಎರಡೂ ಜೊತೆಜೊತೆಗೆ ಕಂಡವು ಅಷ್ಟೆ. ಆದರೆ ಪ್ರಯೋಗಿಸಿ ನೋಡಲು ಖರ್ಚೇನೂ ಇಲ್ಲವಲ್ಲ!

ಅವರು ಗಲ್ಲಾ ಎಣಿಸುವಾಗ ಸುದ್ದಿ ಹೇಳಬೇಡಿ. ಊಟವಾದ ಮೇಲೆ ಹತ್ತು ನಿಮಿಷ ಇಬ್ಬರ ಫೋನೂ ಬೇರೆ ಕೋಣೆಯಲ್ಲಿರಲಿ. ದಿನದ ಒಂದು ಒಳ್ಳೆಯ ಸಂಗತಿ ನೀವು ಹೇಳಿ, ಒಂದು ಅವರು ಹೇಳಲಿ. ಕೇಳಿದವರು ಎರಡು ಪ್ರಶ್ನೆ ಕೇಳಬೇಕು: ಏನಾಯಿತು, ಆಗ ಹೇಗನಿಸಿತು. ಸಲಹೆ, ಲೆಕ್ಕಾಚಾರ ಆಗ ಬೇಡ. ಕೆಡುವುದು ಸಾಮಾನ್ಯವಾಗಿ ಇಲ್ಲೇ: ‘ನೀವು ಯಾವತ್ತೂ ಮಾತಾಡಂಗಿಲ್ಲ’ ಎಂದು ಶುರುಮಾಡುವುದು. ಒಬ್ಬರು ಒತ್ತಾಯಿಸಿದಷ್ಟೂ ಇನ್ನೊಬ್ಬರು ಹಿಂದೆ ಸರಿಯುವ ಈ ಸುಳಿಯನ್ನು ಆಂಡ್ರ್ಯೂ ಕ್ರಿಸ್ಟೆನ್ಸನ್ ಅವರಂಥ ಸಂಶೋಧಕರು ಬಹಳ ಕಾಲ ಅಭ್ಯಾಸ ಮಾಡಿದ್ದಾರೆ. ಅದರ ಬದಲು ‘ಇವತ್ತು ಹತ್ತು ನಿಮಿಷ ನನ್ನ ಮಾತು ಕೇಳ್ರಿ’ ಎನ್ನಿ. ಬೇಕಾದದ್ದು ಏನು, ಎಷ್ಟು ಎಂದು ಅವರಿಗೂ ತಿಳಿಯುತ್ತದೆ.

ಪ್ರಶ್ನೆ: ಜಗಳ ಏರಿದಾಗ ನಾನು ಎದ್ದು ಹೊರಗೆ ಹೋಗುತ್ತೇನೆ. ‘ಓಡಿಹೋಗ್ತೀರಿ’ ಎಂದು ಹೆಂಡತಿ ಇನ್ನಷ್ಟು ಸಿಟ್ಟಾಗುತ್ತಾಳೆ. ತಪ್ಪು ನನ್ನದೇ?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಎದ್ದು ಹೋಗುವುದು ತಪ್ಪಲ್ಲ, ಹೇಳದೆ ಹೋಗುವುದು ತಪ್ಪು. ದಂಪತಿಗಳ ಜಗಳವನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಜಾನ್ ಗಾಟ್‌ಮನ್ ಪ್ರಕಾರ, ನಾಡಿ ನಿಮಿಷಕ್ಕೆ ಸುಮಾರು 100 ದಾಟಿದರೆ ಎದುರಿನವರ ಮಾತು ತಲೆಗೆ ಹೋಗುವುದು ಕಷ್ಟ. 15 ಸೆಕೆಂಡಿನಲ್ಲಿ 25 ಬಡಿತ ಎಣಿಸಿದರೆ ಅಲ್ಲಿಗೆ ಬಂದಿರಿ ಎಂದೇ ಅರ್ಥ. ಕನಿಷ್ಠ 20 ನಿಮಿಷದ ವಿರಾಮ ಬೇಕು. ‘ಅರ್ಧ ತಾಸಿನ್ಯಾಗ ಬರ್ತೀನಿ, ಆಮೇಲೆ ಮಾತಾಡೂಣು’ ಎಂದು ಹೇಳಿ ಹೋಗಿ. ಹೊರಗೆ ನಡೆಯುತ್ತ ‘ಅವಳು ಹಂಗಂದಳು, ನಾ ಹಿಂಗನ್ನಬೇಕಿತ್ತು’ ಎಂದು ಮೆಲುಕು ಹಾಕಿದರೆ ವಿರಾಮ ವ್ಯರ್ಥ, ಸಿಟ್ಟು ಇಳಿಯುವುದೇ ಇಲ್ಲ. ಹೇಳಿದ ಹೊತ್ತಿಗೆ ಬಂದು, ಮಾತನ್ನು ನೀವೇ ಎತ್ತಿ. ಅದನ್ನು ಅವರ ಮೇಲೆ ಬಿಡಬೇಡಿ.

ಇಷ್ಟೆಲ್ಲ ಹೇಳಿದ್ದು ಪರಸ್ಪರ ಹೆದರಿಕೆ ಇಲ್ಲದ ಮನೆಗೆ. ಹೊಡೆತ, ಬೆದರಿಕೆ ಇರುವ ಕಡೆ ಈ ಅಭ್ಯಾಸಗಳನ್ನು ನೆಚ್ಚಿಕೊಂಡು ಕೂರಬಾರದು. ಮಹಿಳೆಯರು 181 ಸಹಾಯವಾಣಿಗೆ ಕರೆ ಮಾಡಬೇಕು.